ಕೆಂಗೂದಲಿಗೆ ಅಂಟಿದ ಅರ್ಥಗಳು

1878ರಲ್ಲಿ ಲಂಡನ್ನಿನಲ್ಲಿ ಹೆಂಗಸರ ಉಡುಗೆ ತೊಡುಗೆ ಮತ್ತು ಚೆಲುವನ್ನು ಕುರಿತ ಪುಸ್ತಕವೊಂದು ಪ್ರಕಟವಾಯಿತು. ಅದನ್ನು ಬರೆದ ಮೇರಿ ಎಲೈಜಾ ಹಾವಿಸ್, ಒಬ್ಬ ಹೆಣ್ಣಿಗೆ ಕೆಂಗೂದಲಿದೆ ಎಂದು ನಾಲ್ಕು ಜನರೆದುರು ಹೇಳುವುದು ಹಿಂದೆ ಅವಳ ಸಾಮಾಜಿಕ ಕೊಲೆಗೆ ಸಮನಾಗಿತ್ತೆಂದೂ, ಈಗ ಅದೇ ಕೂದಲಿಗೆ ಜನ ಮುಗಿಬೀಳುತ್ತಿದ್ದಾರೆಂದೂ ಅದರಲ್ಲಿ ದಾಖಲಿಸಿದ್ದಾರೆ. ಈ ಬದಲಾವಣೆಯ ಶ್ರೇಯಸ್ಸನ್ನು ಅವರು ಕೆಲವು ಚಿತ್ರಕಾರರಿಗೆ ಕೊಡುತ್ತಾರೆ. ಒಂದು ದೇಶದಲ್ಲಿ, ಸುಮಾರು ಒಂದು ತಲೆಮಾರಿನ ಅವಧಿಯಲ್ಲಿ, ಬೈಗುಳವಾಗಿದ್ದ ಬಣ್ಣ ಬಯಕೆಯ ಬಣ್ಣವಾಯಿತು. ಆ ಅವಧಿಯಲ್ಲಿ ಕೂದಲಿನ ರಸಾಯನವೇನೂ ಬದಲಾಗಿರಲಿಲ್ಲ, ಆ ಕೂದಲನ್ನು ಹೊತ್ತು ಹುಟ್ಟುವವರ ಸಂಖ್ಯೆಯೂ ಹೇಳಿಕೊಳ್ಳುವಷ್ಟು ಬದಲಾಗಿರಲಿಲ್ಲ. ಹಾಗಿದ್ದರೆ ಬದಲಾದದ್ದು ಏನು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಹೊರಟರೆ ಜೀವವಿಜ್ಞಾನದಿಂದ ತೊಡಗಿ ಗುಲಾಮರ ವ್ಯಾಪಾರ, ಕ್ರೈಸ್ತ ಚಿತ್ರಕಲೆ, ಇಂಗ್ಲೆಂಡಿನ ಸಿಂಹಾಸನದ ಜಗಳಗಳವರೆಗೆ ಓಡಾಡಬೇಕಾಗುತ್ತದೆ.

ಮೊದಲು ದೇಹದ ಮಾತು. ಮನುಷ್ಯರ ಕೂದಲಿಗೆ ಬಣ್ಣ ಕೊಡುವುದು ಮುಖ್ಯವಾಗಿ ಎರಡು ಬಗೆಯ ಮೆಲನಿನ್. ಯೂಮೆಲನಿನ್ ಕಪ್ಪು ಮತ್ತು ಕಂದು ಬಣ್ಣಗಳಿಗೆ ಕಾರಣವಾದರೆ, ಫಿಯೋಮೆಲನಿನ್ ಕೆಂಪು ಮತ್ತು ಹಳದಿ ಛಾಯೆಗಳಿಗೆ ಕಾರಣ. ಬಣ್ಣ ತಯಾರಿಸುವ ಜೀವಕೋಶದ ಮೇಲ್ಮೈಯಲ್ಲಿ ಎಂಸಿ1ಆರ್ ಎಂಬ ಹೆಸರಿನ, ಸಂಕೇತಗಳನ್ನು ಹಿಡಿಯುವ ಗ್ರಾಹಕವೊಂದಿದೆ. ಹಾರ್ಮೋನಿನ ಸಂಕೇತ ಅದಕ್ಕೆ ತಲುಪಿದಾಗ ಕೋಶವು ಕಪ್ಪು ಬಣ್ಣವನ್ನು ತಯಾರಿಸುತ್ತದೆ. ಈ ಗ್ರಾಹಕ ದುರ್ಬಲವಾಗಿದ್ದರೆ ಸಂಕೇತ ಒಳಗೆ ಸರಿಯಾಗಿ ಮುಟ್ಟುವುದಿಲ್ಲ, ಆಗ ಕೋಶ ಫಿಯೋಮೆಲನಿನ್ ಕಡೆಗೆ ವಾಲುತ್ತದೆ. ಈ ಗ್ರಾಹಕವನ್ನು ರೂಪಿಸುವ, 16ನೆಯ ವರ್ಣತಂತುವಿನಲ್ಲಿರುವ ಜೀನಿಗೂ ಕೆಂಗೂದಲಿಗೂ ಇರುವ ನಂಟನ್ನು ಬ್ರಿಟನ್ನಿನ ವಿಜ್ಞಾನಿಗಳ ತಂಡವೊಂದು 1995ರಲ್ಲಿ ಪ್ರಕಟಿಸಿತು. ಸಾಮಾನ್ಯವಾಗಿ ತಂದೆಯಿಂದಲೂ ತಾಯಿಯಿಂದಲೂ ದುರ್ಬಲ ಪ್ರತಿಯೇ ಬಂದಾಗ ಮಗುವಿಗೆ ಕೆಂಗೂದಲು ಬರುತ್ತದೆ. ಆದರೆ ವಿಷಯ ಅಷ್ಟು ಸರಳವಾಗಿಲ್ಲ ಎಂಬುದು ಸುಮಾರು ಮೂರೂವರೆ ಲಕ್ಷ ಜನರ ಮಾಹಿತಿಯನ್ನು ಪರಿಶೀಲಿಸಿ 2018ರಲ್ಲಿ ಹೊರಬಂದ ಎಡಿನ್‌ಬರೋ ವಿಶ್ವವಿದ್ಯಾಲಯದ ಅಧ್ಯಯನದಿಂದ ಗೊತ್ತಾಯಿತು. ಎರಡೂ ದುರ್ಬಲ ಪ್ರತಿಗಳಿದ್ದರೂ ಕೂದಲು ಕಂದಾಗಿಯೋ ಹೊನ್ನಾಗಿಯೋ ಉಳಿಯಬಹುದು. ಬೇರೆ ಹಲವು ಜೀನುಗಳೂ ಈ ಬಣ್ಣದ ವಿಷಯದಲ್ಲಿ ಕೈಯಾಡಿಸುತ್ತವೆ.

ಜಗತ್ತಿನ ಜನಸಂಖ್ಯೆಯಲ್ಲಿ ಕೆಂಗೂದಲಿನವರು ಶೇಕಡಾ ಒಂದರಿಂದ ಎರಡರಷ್ಟು ಎಂಬ ಅಂದಾಜಿದೆ. ಐರ್ಲೆಂಡಿನಲ್ಲಿ ಇದು ಶೇಕಡಾ 10ರ ಆಸುಪಾಸಿನಲ್ಲಿದೆ ಎನ್ನುತ್ತಾರೆ, ಸ್ಕಾಟ್ಲೆಂಡಿನ ಅಂದಾಜುಗಳೂ ಅದರ ಅಕ್ಕಪಕ್ಕದಲ್ಲೇ ಇವೆ. ರಷ್ಯಾದ ವೋಲ್ಗಾ ಪ್ರದೇಶದ ಉದ್ಮುರ್ತ್ ಜನರಲ್ಲಿಯೂ ಈ ಬಣ್ಣ ಹೆಚ್ಚಾಗಿ ಕಾಣಸಿಗುತ್ತದೆ. ಬಿಸಿಲು ತೀಕ್ಷ್ಣವಾಗಿರುವ ಆಫ್ರಿಕಾದಲ್ಲಿ ಚರ್ಮವನ್ನು ಕಾಪಾಡುವ ಕಪ್ಪು ಬಣ್ಣ ಬದುಕಿಗೆ ಅಗತ್ಯವಾದುದರಿಂದ ಈ ಜೀನಿನ ದುರ್ಬಲ ರೂಪಗಳಿಗೆ ಅಲ್ಲಿ ಉಳಿಯುವ ಅವಕಾಶವೇ ಇರಲಿಲ್ಲ. ಮೋಡ ಕವಿದ ಉತ್ತರ ಯುರೋಪಿನಲ್ಲಿ ಆ ಬಿಗಿ ಸಡಿಲವಾಯಿತು. ತಿಳಿ ಬಣ್ಣದ ಚರ್ಮ ಮಂದ ಬಿಸಿಲಿನಲ್ಲೂ ವಿಟಮಿನ್ ಡಿ ತಯಾರಿಸಲು ನೆರವಾಯಿತೆಂಬ ವಾದವೂ ಇದೆ. ಆದರೆ ಅಲ್ಲಿ ಕೆಂಗೂದಲು ಆಯ್ಕೆಯಾಗಿ ಬೆಳೆಯಿತೋ ಅಥವಾ ಯಾವ ತೊಡಕೂ ಇಲ್ಲದ ಕಾರಣ ಸುಮ್ಮನೆ ಉಳಿದುಕೊಂಡಿತೋ ಎಂಬುದು ಇನ್ನೂ ಚರ್ಚೆಯಲ್ಲಿದೆ.

ಈ ಲೆಕ್ಕದಲ್ಲಿ ಒಂದು ಸೊಗಸಾದ ಸಂಗತಿ ಅಡಗಿದೆ. ಒಂದು ಪ್ರದೇಶದಲ್ಲಿ ನೂರಕ್ಕೆ ಒಬ್ಬರಿಗೆ ಕೆಂಗೂದಲಿದ್ದರೆ, ಅಲ್ಲಿನ ಒಟ್ಟು ಜೀನ್ ಪ್ರತಿಗಳಲ್ಲಿ ಸುಮಾರು ಹತ್ತಕ್ಕೆ ಒಂದು ದುರ್ಬಲವಾಗಿರುತ್ತದೆ, ಮತ್ತು ಸರಳ ಗಣಿತದ ಪ್ರಕಾರ ನೂರರಲ್ಲಿ ಹದಿನೆಂಟು ಮಂದಿ ಹೊರಗೆ ಕಾಣದಂತೆ ಅಂಥ ಒಂದು ಪ್ರತಿಯನ್ನು ಹೊತ್ತಿರುತ್ತಾರೆ. ನೂರಕ್ಕೆ ಹತ್ತು ಮಂದಿಗೆ ಕೆಂಗೂದಲಿರುವ ಕಡೆ ಹೀಗೆ ಗುಟ್ಟಾಗಿ ಹೊತ್ತವರು ನಲವತ್ತಕ್ಕೂ ಹೆಚ್ಚು. ಕೆಲವು ವರ್ಷಗಳಿಗೊಮ್ಮೆ ಪತ್ರಿಕೆಗಳಲ್ಲಿ ತಲೆಯೆತ್ತುವ, ಕೆಂಗೂದಲಿನವರು ಇನ್ನೇನು ಅಳಿದುಹೋಗುತ್ತಾರೆ ಎಂಬ ಸುದ್ದಿ ಸುಳ್ಳಾಗುವುದು ಈ ಕಾರಣಕ್ಕೆ. ಕಪ್ಪು ಅಥವಾ ಕಂದು ಕೂದಲಿನ ತಂದೆತಾಯಿಗೆ ಇದ್ದಕ್ಕಿದ್ದಂತೆ ಕೆಂಗೂದಲಿನ ಮಗು ಹುಟ್ಟುವುದಕ್ಕೂ, ಅದರಿಂದಾಗಿ ಆ ತಾಯಂದಿರು ಶತಮಾನಗಳುದ್ದಕ್ಕೂ ಕೇಳಬೇಕಾಗಿ ಬಂದ ಕುಹಕದ ಮಾತುಗಳಿಗೂ ಇದೇ ಕಾರಣ.

ನನ್ನ ಅಭಿಪ್ರಾಯದಲ್ಲಿ ಕೆಂಗೂದಲಿನ ಸಾಂಸ್ಕೃತಿಕ ಚರಿತ್ರೆಯ ಕೀಲಿ ಈ ಪ್ರಮಾಣದಲ್ಲೇ ಇದೆ. ಒಂದು ಲಕ್ಷಣ ಎಲ್ಲರಲ್ಲೂ ಇದ್ದರೆ ಅದಕ್ಕೆ ಅರ್ಥ ಹಚ್ಚುವ ಗೋಜಿಗೆ ಯಾರೂ ಹೋಗುವುದಿಲ್ಲ. ಲಕ್ಷಕ್ಕೊಬ್ಬರಲ್ಲಿ ಇದ್ದರೆ ಅದು ವಿಚಿತ್ರವೋ ರೋಗವೋ ಆಗಿ ಉಳಿಯುತ್ತದೆ, ಒಂದು ಗುಂಪಿನ ಗುರುತಾಗುವುದಿಲ್ಲ. ಕೆಂಗೂದಲು ಇವೆರಡರ ನಡುವೆ ಬಿದ್ದಿದೆ. ಎಲ್ಲರಿಗೂ ಅಂಥವರೊಬ್ಬರು ಗೊತ್ತು, ಆದರೆ ಹೆಚ್ಚು ಮಂದಿ ಗೊತ್ತಿಲ್ಲ. ದೂರದಿಂದಲೇ ಕಾಣುವ, ಮುಚ್ಚಿಡಲು ಕಷ್ಟವಾದ ಈ ಗುರುತನ್ನು ನೋಡಿದವನು ಅದಕ್ಕೊಂದು ಕಥೆಯನ್ನು ಜೋಡಿಸುತ್ತಾನೆ. ಆ ಕಥೆ ಯಾವುದು ಎಂಬುದನ್ನು ನಿರ್ಧರಿಸುವುದು ಆಯಾ ಕಾಲದಲ್ಲಿ ಆ ಕೂದಲನ್ನು ಎದ್ದು ಕಾಣುವಂತೆ ಹೊತ್ತು ನಿಂತವರು ಯಾರು ಎಂಬ ಸಂಗತಿ.

ಪ್ರಾಚೀನ ಗ್ರೀಸಿನಲ್ಲಿ ಅದನ್ನು ಹೊತ್ತು ನಿಂತವರು ಗುಲಾಮರು. ಗ್ರೀಸಿನ ಉತ್ತರಕ್ಕಿದ್ದ ಥ್ರೇಸ್ ಪ್ರದೇಶದಿಂದ ಗುಲಾಮರನ್ನು ತರುತ್ತಿದ್ದರು, ಅಲ್ಲಿನ ಜನ ಕೆಂಗೂದಲಿಗೆ ಹೆಸರಾದವರು. ಕ್ರಿಸ್ತಪೂರ್ವ 6ನೆಯ ಶತಮಾನದ ತತ್ತ್ವಜ್ಞಾನಿ ಕ್ಸೆನೊಫನೀಸ್, ಜನರು ದೇವರನ್ನು ತಮ್ಮ ರೂಪದಲ್ಲೇ ಕಲ್ಪಿಸಿಕೊಳ್ಳುತ್ತಾರೆ ಎಂಬುದನ್ನು ತೋರಿಸಲು ಕೊಟ್ಟ ಉದಾಹರಣೆಯಲ್ಲಿ, ಥ್ರೇಸಿನವರ ದೇವರಿಗೆ ನೀಲಿ ಕಣ್ಣು ಮತ್ತು ಕೆಂಗೂದಲು ಇರುತ್ತದೆ ಎನ್ನುತ್ತಾನೆ. ಮುಂದೆ ಗ್ರೀಕ್ ಹಾಸ್ಯನಾಟಕಗಳಲ್ಲಿ ಗುಲಾಮನ ಪಾತ್ರದ ಮುಖವಾಡಕ್ಕೆ ಕೆಂಗೂದಲು ರೂಢಿಯಾಯಿತು. ಪ್ರೇಕ್ಷಕನು ಮಾತು ಕೇಳುವ ಮೊದಲೇ ಇವನು ಕುತಂತ್ರಿ ಆಳು ಎಂದು ಗುರುತಿಸಲಿ ಎಂಬುದು ಅದರ ಉದ್ದೇಶ. ರೋಮನ್ನರಿಗೆ ಈ ಬಣ್ಣ ಇನ್ನೂ ಉತ್ತರದ ಶತ್ರುಗಳದ್ದು. ಸುಮಾರು ಕ್ರಿಸ್ತಶಕ 98ರಲ್ಲಿ ಬರೆದ ಇತಿಹಾಸಕಾರ ಟ್ಯಾಸಿಟಸ್, ಇಂದಿನ ಸ್ಕಾಟ್ಲೆಂಡಿನ ಭಾಗದಲ್ಲಿದ್ದ ಕ್ಯಾಲಿಡೋನಿಯನ್ನರ ಕೆಂಗೂದಲು ಮತ್ತು ದೊಡ್ಡ ಮೈಕಟ್ಟನ್ನು ನೋಡಿ ಅವರ ಮೂಲ ಜರ್ಮನಿ ಇರಬೇಕೆಂದು ಊಹಿಸುತ್ತಾನೆ. ಹೀಗೆ ಸೋತವನ, ಮಾರಲ್ಪಟ್ಟವನ, ಗಡಿಯಾಚೆಯ ಒರಟನ ಗುರುತು ಎನಿಸಿದ್ದ ಬಣ್ಣವನ್ನೇ ರೋಮಿನ ಸಿರಿವಂತ ಹೆಂಗಸರು ಕಾಸು ಕೊಟ್ಟು ಕೊಳ್ಳುತ್ತಿದ್ದರು ಎಂಬುದು ಇಲ್ಲಿನ ತಮಾಷೆ. ಇಂದಿನ ಫ್ರಾನ್ಸಿನ ಭಾಗದಲ್ಲಿದ್ದ ಗಾಲ್ ದೇಶದವರು ಕೂದಲನ್ನು ಕೆಂಪಾಗಿಸಲು ಕೊಬ್ಬು ಮತ್ತು ಬೂದಿಯಿಂದ ತಯಾರಿಸಿದ ಸಾಬೂನಿನಂಥ ವಸ್ತುವನ್ನು ರೋಮಿನ ಲೇಖಕ ಪ್ಲಿನಿ ವರ್ಣಿಸಿದ್ದಾನೆ. ಉತ್ತರದ ಸೆರೆಯಾಳುಗಳ ಕೂದಲಿನಿಂದ ಮಾಡಿದ ಟೋಪನ್‌ಗಳಿಗೆ ರೋಮಿನಲ್ಲಿ ಬೇಡಿಕೆಯಿತ್ತು. ತಿರಸ್ಕಾರ ಮತ್ತು ಆಕರ್ಷಣೆ ಒಂದೇ ಊರಿನಲ್ಲಿ, ಒಂದೇ ಕಾಲದಲ್ಲಿ ಜೊತೆಯಾಗಿ ಬದುಕಬಲ್ಲವು ಎಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಬೇಕಿಲ್ಲ.

ಈಜಿಪ್ಟಿನಲ್ಲಿ ಕೆಂಪು ಬಣ್ಣ ಮರುಭೂಮಿಯ, ಗೊಂದಲದ, ಸೆತ್ ದೇವತೆಯ ಬಣ್ಣ. ಆದರೆ ಅಲ್ಲಿನ ದೊರೆ ಎರಡನೆಯ ರಾಮ್ಸೆಸ್‌ನ ಶವವನ್ನು 1976ರಲ್ಲಿ ಪ್ಯಾರಿಸ್ಸಿಗೆ ಒಯ್ದು ಪರೀಕ್ಷಿಸಿದ ತಜ್ಞರು ಅವನ ಕೂದಲು ಮೂಲತಃ ಕೆಂಪಾಗಿತ್ತೆಂದು ವರದಿ ಮಾಡಿದರು. ಅವನ ತಂದೆಯ ಹೆಸರು ಸೇತಿ, ಅಂದರೆ ಆ ದೇವತೆಗೆ ಸೇರಿದವನು.

ಯುರೋಪಿನ ಮಧ್ಯಯುಗಕ್ಕೆ ಬರುವಷ್ಟರಲ್ಲಿ ಕೆಂಗೂದಲಿನ ಕಥೆಗಳು ಗಂಡಿಗೊಂದು ಹೆಣ್ಣಿಗೊಂದು ಎಂಬಂತೆ ಬೇರೆಯಾಗತೊಡಗುತ್ತವೆ. ಯೇಸುವನ್ನು ಹಿಡಿದುಕೊಟ್ಟ ಯೂದ ಇಸ್ಕರಿಯೋತನ ಕೂದಲಿನ ಬಗ್ಗೆ ಬೈಬಲ್ ಒಂದು ಮಾತನ್ನೂ ಹೇಳುವುದಿಲ್ಲ. ಆದರೂ ಚಿತ್ರಕಾರರು ಅವನಿಗೆ ಕೆಂಪು ಗಡ್ಡ, ಕೆಂಪು ತಲೆ ಬಿಡಿಸಿದರು. ಓದು ಬಾರದ ಭಕ್ತರ ಮುಂದೆ ಹನ್ನೆರಡು ಶಿಷ್ಯರ ನಡುವೆ ದ್ರೋಹಿ ಯಾರೆಂದು ತೋರಿಸಲು ಒಂದು ಗುರುತು ಬೇಕಾಗಿತ್ತು. ಆ ಗುರುತು ಬಹುಬೇಗ ಯೆಹೂದಿಗಳೆಲ್ಲರ ಮೇಲೆ ಹೊರಿಸಿದ ಅಪವಾದವಾಗಿ ಬದಲಾಯಿತು. ಇಂಗ್ಲಿಷ್ ರಂಗಭೂಮಿಯಲ್ಲಿ ಯೆಹೂದಿ ಖಳನ ಪಾತ್ರಕ್ಕೆ ಕೆಂಪು ಟೋಪನ್ ತೊಡಿಸುವ ರೂಢಿ ಬಹುಕಾಲ ಇತ್ತು. 1830ರ ದಶಕದಲ್ಲಿ ಚಾರ್ಲ್ಸ್ ಡಿಕನ್ಸ್ ತನ್ನ ಕಾದಂಬರಿಯ ಯೆಹೂದಿ ಕಳ್ಳಗುರು ಫ್ಯಾಗಿನ್‌ನನ್ನು ಮೊದಲು ಪರಿಚಯಿಸುವಾಗಲೂ ಅವನ ಜಿಗುಟಾದ ಕೆಂಗೂದಲನ್ನು ಮರೆಯುವುದಿಲ್ಲ. ಬೈಬಲಿನಲ್ಲಿಯೇ ಕೆಂಬಣ್ಣದವನೂ ಚೆಲುವನೂ ಆಗಿ ವರ್ಣಿತನಾದ ದಾವೀದ ರಾಜನ ನೆನಪು ಈ ಗಂಡಸರ ನೆರವಿಗೆ ಬರಲಿಲ್ಲ.

ಹೆಣ್ಣಿನ ಕಡೆ ಕಥೆ ಬೇರೆ. ಯೇಸುವಿನ ಶಿಷ್ಯೆ ಮಗ್ದಲದ ಮರಿಯಳನ್ನು ಪಶ್ಚಾತ್ತಾಪಪಟ್ಟ ಪಾಪಿಯೆಂದು ಕಲ್ಪಿಸಿಕೊಂಡ ಚಿತ್ರಕಾರರು ಅವಳಿಗೆ ಬಿಚ್ಚಿದ, ನೀಳವಾದ, ಕೆಂಪು ಹೊನ್ನಿನ ಕೂದಲನ್ನು ಕೊಟ್ಟರು. ವೆನಿಸ್ಸಿನ ಟೀಷಿಯನ್ ಬಿಡಿಸಿದ ಮರಿಯಳಲ್ಲಿ ಆ ಕೂದಲು ಮೈಯನ್ನು ಮುಚ್ಚುತ್ತಲೇ ಮೈಯ ಕಡೆಗೆ ನೋಟವನ್ನು ಎಳೆಯುತ್ತದೆ. ಭಕ್ತಿಯ ಹೆಸರಿನಲ್ಲಿ ಸೌಂದರ್ಯವನ್ನು ಕಣ್ತುಂಬ ನೋಡಲು ಅನುಮತಿ ಸಿಕ್ಕಂತಾಯಿತು. ಆಗಿನ ವೆನಿಸ್ಸಿನ ಹೆಂಗಸರು ಕೂದಲಿಗೆ ದ್ರಾವಣಗಳನ್ನು ಹಚ್ಚಿಕೊಂಡು, ನೆತ್ತಿಯ ಭಾಗವಿಲ್ಲದ ಅಂಚು ಮಾತ್ರದ ಟೋಪಿಯ ಮೂಲಕ ಕೂದಲನ್ನು ಹೊರಗೆ ಹರಡಿ, ಮಹಡಿಯ ಮೇಲೆ ಬಿಸಿಲಿಗೆ ಕೂರುತ್ತಿದ್ದುದನ್ನು 1590ರಲ್ಲಿ ಪ್ರಕಟವಾದ ಉಡುಗೆಗಳ ಕುರಿತ ಗ್ರಂಥವೊಂದು ಚಿತ್ರಸಮೇತ ವಿವರಿಸುತ್ತದೆ. ದ್ರೋಹ ಗಂಡಿನ ತಲೆಗೆ, ಮೋಹ ಹೆಣ್ಣಿನ ತಲೆಗೆ ಎಂಬ ಈ ಹಂಚಿಕೆ ಇಂದಿಗೂ ಪೂರ್ತಿ ಹೋಗಿಲ್ಲ.

ಇಂಗ್ಲೆಂಡಿನ ಮೊದಲನೆಯ ಎಲಿಜಬೆತ್ ಈ ಹಂಚಿಕೆಗೆ ಸಿಗದ ಹೆಣ್ಣು. ಅವಳು ಮೂರು ವರ್ಷದವಳಾಗುವ ಮೊದಲೇ, 1536ರಲ್ಲಿ, ತಾಯಿ ಆನ್ ಬೊಲೀನ್‌ಳ ತಲೆ ಕಡಿಸಿದ ಎಂಟನೆಯ ಹೆನ್ರಿ ಮಗಳನ್ನು ಅಕ್ರಮ ಸಂತಾನವೆಂದು ಸಾರಿದ್ದ. ತಾಯಿಯ ಮೇಲೆ ಹೊರಿಸಿದ್ದು ವ್ಯಭಿಚಾರದ ಆರೋಪ. ಇಂಥ ಮಗಳು ಸಿಂಹಾಸನ ಏರುವಾಗ ತಂದೆಯ ತಲೆಯ ಬಣ್ಣವೇ ಅವಳ ತಲೆಯ ಮೇಲೂ ಇದ್ದದ್ದು, ಯಾವ ದಾಖಲೆಪತ್ರಕ್ಕಿಂತಲೂ ಗಟ್ಟಿಯಾಗಿ ಅವಳ ಹುಟ್ಟಿಗೆ ಸಾಕ್ಷಿ ನುಡಿಯಿತು. ಪಟ್ಟಾಭಿಷೇಕದ ಚಿತ್ರದಲ್ಲಿ ಆ ಕೂದಲು ಭುಜಗಳ ಮೇಲೆ ಬಿಚ್ಚಿ ಹರಡಿರುವುದು ಸುಮ್ಮನೆ ಅಲ್ಲ. 1564ರಲ್ಲಿ ಸ್ಕಾಟ್ಲೆಂಡಿನಿಂದ ಬಂದ ರಾಯಭಾರಿ ಜೇಮ್ಸ್ ಮೆಲ್ವಿಲ್, ಅವಳ ಕೂದಲು ಹಳದಿಗಿಂತ ಹೆಚ್ಚಾಗಿ ಕೆಂಪೆಂದು ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ತನ್ನ ಕೂದಲು ಚೆಂದವೋ ನಿಮ್ಮ ರಾಣಿ ಮೇರಿಯದೋ ಎಂದು ಅವಳು ಅವನನ್ನು ಕೇಳಿದಾಗ, ಇಂಗ್ಲೆಂಡಿನಲ್ಲಿ ನೀವು, ಸ್ಕಾಟ್ಲೆಂಡಿನಲ್ಲಿ ಅವರು ಎಂದು ಆತ ಜಾರಿಕೊಂಡ. ವಯಸ್ಸಾದ ಮೇಲೆ ಎಲಿಜಬೆತ್ ಕೆಂಪು ಟೋಪನ್‌ಗಳನ್ನು ತೊಟ್ಟಳು. ಅವಳ ಆಜ್ಞೆಯ ಮೇರೆಗೆ 1587ರಲ್ಲಿ ಮೇರಿಯ ತಲೆ ಉರುಳಿದಾಗ ತಲೆ ಕಡಿದವನು ಅದನ್ನು ಎತ್ತಿ ತೋರಿಸಲು ಹೋಗಿ, ಅವನ ಕೈಯಲ್ಲಿ ಕೆಂಗಂದು ಬಣ್ಣದ ಟೋಪನ್ ಮಾತ್ರ ಉಳಿಯಿತು. ಕೆಳಗೆ ಬಿದ್ದ ತಲೆಯಲ್ಲಿ ಇದ್ದದ್ದು ಗಿಡ್ಡನೆಯ ನರೆಗೂದಲು. ಒಬ್ಬರನ್ನೊಬ್ಬರು ಕಣ್ಣಾರೆ ಕಾಣದ ಈ ಇಬ್ಬರು ರಾಣಿಯರಿಗೂ ಕೂದಲಿನ ಬಣ್ಣ ರಾಜಕಾರಣದ ಭಾಗವಾಗಿತ್ತು.

ರಾಣಿ ಸತ್ತ ಮೇಲೆ ಆ ಪ್ರತಿಷ್ಠೆ ನಿಲ್ಲಲಿಲ್ಲ. ಇಂಗ್ಲೆಂಡಿನ ಕಣ್ಣಿಗೆ ಕೆಂಗೂದಲು ಮತ್ತೆ ಸ್ಕಾಟ್ ಗುಡ್ಡಗಾಡಿನವರ, ಬಡ ಐರಿಷ್ ಕೂಲಿಗಳ ಬಣ್ಣವಾಯಿತು. 19ನೆಯ ಶತಮಾನದಲ್ಲಿ ಬರಗಾಲದಿಂದ ಓಡಿಬಂದ ಐರಿಷ್ ಜನ ಲಂಡನ್, ಲಿವರ್‌ಪೂಲ್‌ಗಳ ಕೊಳಕು ಕೇರಿಗಳನ್ನು ತುಂಬಿದಾಗ, ಅವರ ಬಗೆಗಿನ ತಾತ್ಸಾರಕ್ಕೆ ಕೂದಲಿನ ಬಣ್ಣ ಸುಲಭವಾದ ನೆಪವಾಯಿತು. ಮುಂಗೋಪ, ಒರಟುತನ, ಹದ್ದು ಮೀರಿದ ಕಾಮ ಎಂಬ ಆರೋಪಗಳು ಒಂದು ಜನಾಂಗದ ಮೇಲಿದ್ದವು ಕೂದಲಿನ ಮೇಲೆ ಬಂದು ಕೂತವು. ಹಾವಿಸ್ ಹೇಳಿದ ಸಾಮಾಜಿಕ ಕೊಲೆಯ ಹಿನ್ನೆಲೆ ಇದು.

ಇಲ್ಲಿಗೆ ಎಲಿಜಬೆತ್ ಸಿಡ್ಡಲ್ ಬರುತ್ತಾಳೆ. 1829ರಲ್ಲಿ ಹುಟ್ಟಿದ ಅವಳು ಲಂಡನ್ನಿನ ಹೆಂಗಸರ ಟೋಪಿಯ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಆಗ 1848ರಲ್ಲಿ ಹುಟ್ಟಿಕೊಂಡಿದ್ದ ಪ್ರಿ ರಾಫೆಲೈಟ್ ಎಂಬ ಯುವ ಚಿತ್ರಕಾರರ ಕೂಟವು, ಕಲಾಶಾಲೆಗಳು ಕಲಿಸುತ್ತಿದ್ದ ನಯನಾಜೂಕಿನ ಮಾದರಿಗಳನ್ನು ಬಿಟ್ಟು, ರಾಫೆಲ್‌ಗಿಂತ ಹಿಂದಿನ ಇಟಲಿಯ ಚಿತ್ರಗಳ ಪ್ರಖರ ಬಣ್ಣ ಮತ್ತು ವಿವರಗಳಿಗೆ ಮರಳಬೇಕೆಂದು ಪಣ ತೊಟ್ಟಿತ್ತು. ಅವರ ಗೆಳೆಯ ವಾಲ್ಟರ್ ಡೆವರೆಲ್ ಸಿಡ್ಡಲ್‌ಳನ್ನು ಗುರುತಿಸಿ ರೂಪದರ್ಶಿಯಾಗಿ ಕರೆತಂದ. ಎತ್ತರದ, ತೆಳ್ಳನೆಯ, ತಾಮ್ರದ ಬಣ್ಣದ ಕೂದಲಿನ ಈ ಹುಡುಗಿ ಆ ಕಾಲದ ಲಂಡನ್ನಿನ ಲೆಕ್ಕದಲ್ಲಿ ಚೆಲುವೆಯೇ ಅಲ್ಲ. ಅದೇ ಅವರಿಗೆ ಬೇಕಾಗಿತ್ತು. ರೂಢಿಯ ಸೌಂದರ್ಯವನ್ನು ತಿರಸ್ಕರಿಸುತ್ತೇವೆಂದು ಸಾರಿದವರಿಗೆ ರೂಢಿ ತಿರಸ್ಕರಿಸಿದ ಮುಖವೇ ಧ್ವಜವಾಯಿತು. ಅದರ ಮೇಲೆ ಅವರು ಆ ಕೂದಲನ್ನು ಬಿಚ್ಚಿ ಹರಡಿ ಬಿಡಿಸಿದರು. ಮದುವೆಯ ವಯಸ್ಸಿಗೆ ಬಂದ ಹೆಣ್ಣು ಕೂದಲನ್ನು ಎತ್ತಿ ಕಟ್ಟಿಕೊಂಡೇ ಹೊರಗೆ ಬರಬೇಕಿದ್ದ ವಿಕ್ಟೋರಿಯಾ ಯುಗದಲ್ಲಿ, ಬಿಚ್ಚಿದ ಕೂದಲು ಮಲಗುವ ಕೋಣೆಗೆ ಸೇರಿದ ನೋಟ. ಅದು ಕೆಂಪಾಗಿಯೂ ಇದ್ದರೆ ನೋಡುವವನಿಗೆ ಎರಡು ಗೆರೆಗಳನ್ನು ಒಟ್ಟಿಗೆ ದಾಟಿದ ಅನುಭವ.

ಆ ಕೂಟದ ಜಾನ್ ಎವರೆಟ್ ಮಿಲೇ, ಶೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕದ, ನೀರಿನಲ್ಲಿ ತೇಲುವ ಒಫೀಲಿಯಾಳ ಚಿತ್ರಕ್ಕೆ ಸಿಡ್ಡಲ್‌ಳನ್ನು ನೀರು ತುಂಬಿದ ತೊಟ್ಟಿಯಲ್ಲಿ ಮಲಗಿಸಿದ. ನೀರು ಬೆಚ್ಚಗಿರಲೆಂದು ಅಡಿಯಲ್ಲಿ ಇಟ್ಟಿದ್ದ ದೀಪಗಳು ಆರಿಹೋದರೂ ಅವನು ಗಮನಿಸಲಿಲ್ಲ, ಅವಳೂ ಬಾಯಿ ಬಿಡಲಿಲ್ಲ; ಕಾಯಿಲೆ ಬಿದ್ದ ಮೇಲೆ ಅವಳ ತಂದೆ ವೈದ್ಯರ ಖರ್ಚು ಕೊಡದಿದ್ದರೆ ದಾವೆ ಹೂಡುವುದಾಗಿ ಬೆದರಿಸಬೇಕಾಯಿತು. 1852ರಲ್ಲಿ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶನಗೊಂಡ ಆ ಚಿತ್ರ ಇಂದು ಬ್ರಿಟನ್ನಿನ ಅತಿ ಹೆಚ್ಚು ಪ್ರಸಿದ್ಧ ಚಿತ್ರಗಳಲ್ಲಿ ಒಂದು. ಮುಂದೆ ಅವಳು ಹೆಚ್ಚಾಗಿ ಅದೇ ಕೂಟದ ಡಾಂಟೆ ಗೇಬ್ರಿಯಲ್ ರೊಸೆಟ್ಟಿಯೊಬ್ಬನಿಗೇ ರೂಪದರ್ಶಿಯಾದಳು, 1860ರಲ್ಲಿ ಅವನನ್ನು ಮದುವೆಯಾದಳು. ರೊಸೆಟ್ಟಿಯ ಕೂದಲಿನ ಹುಚ್ಚು ಗೆಳೆಯರ ನಡುವೆ ನಗೆಯ ವಿಷಯವಾಗಿತ್ತು. ಮಾತಿನ ನಡುವೆ ಕೆಂಗಂದು ಗುಂಗುರು ಕೂದಲಿನ ಹೆಂಗಸೊಬ್ಬಳು ಕೋಣೆಗೆ ಬಂದರೆ ಸಾಕು, ಆತ ಎದುರಿಗಿದ್ದವರನ್ನು ಬಿಟ್ಟು ಅತ್ತ ಹೊರಟುಬಿಡುತ್ತಾನೆಂದು ಕಾದಂಬರಿಕಾರ್ತಿ ಎಲಿಜಬೆತ್ ಗ್ಯಾಸ್ಕೆಲ್ 1859ರ ಪತ್ರವೊಂದರಲ್ಲಿ ಕೀಟಲೆ ಮಾಡಿದ್ದಾರೆ.

ಸಿಡ್ಡಲ್ ಸ್ವತಃ ಚಿತ್ರ ಬಿಡಿಸುತ್ತಿದ್ದಳು, ಕವಿತೆ ಬರೆಯುತ್ತಿದ್ದಳು. ವಿಮರ್ಶಕ ಜಾನ್ ರಸ್ಕಿನ್ 1855ರಲ್ಲಿ ಅವಳ ಕೃತಿಗಳಿಗಾಗಿ ವರ್ಷಕ್ಕೆ 150 ಪೌಂಡ್ ಕೊಡಲು ಒಪ್ಪಿಕೊಂಡಿದ್ದರು. ಆದರೆ ಲೋಕ ನೆನಪಿಟ್ಟದ್ದು ಅವಳ ಕೂದಲನ್ನು. ಹೆಣ್ಣು ಮಗುವೊಂದು ಸತ್ತೇ ಹುಟ್ಟಿದ ಮರುವರ್ಷ, 1862ರ ಫೆಬ್ರವರಿಯಲ್ಲಿ, ಅಫೀಮಿನ ಔಷಧ ಮಿತಿಮೀರಿ ಅವಳು ತೀರಿಕೊಂಡಳು. ದುಃಖದಲ್ಲಿ ರೊಸೆಟ್ಟಿ ತನ್ನ ಕವಿತೆಗಳ ಹಸ್ತಪ್ರತಿಯನ್ನು ಅವಳ ಶವಪೆಟ್ಟಿಗೆಯಲ್ಲಿಟ್ಟ. ಏಳು ವರ್ಷಗಳ ನಂತರ ಆ ಕವಿತೆಗಳು ಮತ್ತೆ ಬೇಕೆನಿಸಿ, ಹೈಗೇಟ್ ಸ್ಮಶಾನದಲ್ಲಿ ರಾತ್ರಿಯ ಹೊತ್ತು ಗೋರಿಯನ್ನು ಅಗೆಸಿದ. ತಾನು ಮಾತ್ರ ಅಲ್ಲಿಗೆ ಹೋಗಲಿಲ್ಲ. ಹೋದವನು ಅವನ ಪರವಾಗಿ ವ್ಯವಹಾರ ನೋಡುತ್ತಿದ್ದ ಚಾರ್ಲ್ಸ್ ಆಗಸ್ಟಸ್ ಹೊವೆಲ್. ಅವಳ ದೇಹ ಕೆಡದೆ ಉಳಿದಿತ್ತು, ಕೆಂಗೂದಲು ಬೆಳೆಯುತ್ತಲೇ ಹೋಗಿ ಪೆಟ್ಟಿಗೆಯನ್ನೆಲ್ಲ ತುಂಬಿತ್ತು ಎಂಬ ಕಥೆ ಅವನಿಂದ ಹಬ್ಬಿತು. ಸತ್ತ ಮೇಲೆ ಕೂದಲು ಬೆಳೆಯುವುದಿಲ್ಲ, ಹೊವೆಲ್ ಸುಳ್ಳು ಹೇಳುವುದರಲ್ಲಿ ಹೆಸರುವಾಸಿ. ಆದರೂ ಆ ಕಥೆ ಇಂದಿಗೂ ಸತ್ತಿಲ್ಲ, ಏಕೆಂದರೆ ಹೆಣ್ಣಿನ ಕೆಂಗೂದಲಿಗೆ ಅವಳ ಇಚ್ಛೆಗೂ ಸಾವಿಗೂ ಸೇರದ ಸ್ವಂತ ಜೀವವೊಂದಿದೆ ಎಂದು ನಂಬಲು ಜನ ಸಿದ್ಧರಿದ್ದರು. ಚಿತ್ರಗಳಿಂದ ಲಾಭವಾದದ್ದು ಮುಂದಿನ ತಲೆಮಾರಿನ ಕೆಂಗೂದಲಿನ ಹುಡುಗಿಯರಿಗೆ. ಸಿಡ್ಡಲ್‌ಳಿಗೆ ಅದರಿಂದ ಏನು ದಕ್ಕಿತು ಎಂಬುದು ನನಗೆ ಅಷ್ಟು ಖಚಿತವಿಲ್ಲ.

ಬಣ್ಣಕ್ಕೆ ಬೆಲೆ ಬಂದ ಮೇಲೆ ಅದನ್ನು ಮಾರುವವರು ಬರುತ್ತಾರೆ. 19ನೆಯ ಶತಮಾನದ ಕೊನೆಗೆ ಯುರೋಪಿನ ನಟಿಯರು, ಗಾಯಕಿಯರು ಮದರಂಗಿ ಹಚ್ಚಿ ಕೂದಲನ್ನು ಕೆಂಪಾಗಿಸಿಕೊಳ್ಳತೊಡಗಿದರು. ಹಾಲಿವುಡ್ ಅದನ್ನು ಕೈಗಾರಿಕೆಯ ಮಟ್ಟಕ್ಕೆ ಏರಿಸಿತು. ಸ್ಪ್ಯಾನಿಷ್ ಮೂಲದ, ಕಡುಬಣ್ಣದ ಕೂದಲಿನ ಮಾರ್ಗರೀಟಾ ಕನ್ಸಿನೊ ಎಂಬ ನರ್ತಕಿಯ ಮುಂದಲೆಯ ಕೂದಲನ್ನು ವಿದ್ಯುತ್ತಿನಿಂದ ತೆಗೆಸಿ ಹಣೆಯನ್ನು ಅಗಲವಾಗಿಸಿ, ಉಳಿದದ್ದಕ್ಕೆ ಕೆಂಪು ಬಣ್ಣ ಹಾಕಿಸಿ, ರೀಟಾ ಹೇವರ್ತ್ ಎಂಬ ತಾರೆಯನ್ನು ತಯಾರಿಸಿದರು. ಇನ್ನೂ ಸ್ವಾರಸ್ಯದ ಪ್ರಕರಣ ಲೂಸಿಲ್ ಬಾಲ್‌ಳದು. ಹುಟ್ಟಿನಿಂದ ಕಂದು ಕೂದಲಿನ ಈಕೆ ಬಣ್ಣ ಹಚ್ಚಿಕೊಂಡು ಕೆಂಗೂದಲಿನವಳಾದಳು. 1951ರಲ್ಲಿ ಶುರುವಾದ ಅವಳ ಟಿವಿ ಹಾಸ್ಯ ಧಾರಾವಾಹಿ ಅಮೆರಿಕದ ಮನೆಮನೆಗೂ ತಲುಪಿದ್ದು ಕಪ್ಪು ಬಿಳುಪಿನಲ್ಲಿ. ಪರದೆಯ ಮೇಲೆ ಕೆಂಪಿನ ಸುಳಿವೇ ಇಲ್ಲದಿದ್ದರೂ ಅವಳನ್ನು ಎಲ್ಲರೂ ಬಲ್ಲದ್ದು ಆ ಕಾಲದ ಅತಿ ಪ್ರಸಿದ್ಧ ಕೆಂಗೂದಲಿನ ಹೆಂಗಸಾಗಿ. ತುಂಟತನ, ರೇಗಾಟ, ಹಿಡಿತಕ್ಕೆ ಸಿಗದ ಉತ್ಸಾಹ, ಇವೆಲ್ಲ ಸೇರಿದ ಪಾತ್ರ ಎದುರಿಗೆ ನಿಂತರೆ ಬಣ್ಣವನ್ನು ನೋಡುಗರೇ ತುಂಬಿಕೊಳ್ಳುವಷ್ಟು ಆ ರೂಢಿಚಿತ್ರ ಬಲಿತಿತ್ತು.

ಮದರಂಗಿಯ ಮಾತು ಬಂದ ಮೇಲೆ ನಮ್ಮ ಕಡೆಗೂ ಒಮ್ಮೆ ನೋಡಬಹುದು. ರಾಜಸ್ಥಾನದ ಪಾಲಿ ಜಿಲ್ಲೆಯ ಸೋಜತ್ ಮದರಂಗಿ ಬೆಳೆಗೆ ಪ್ರಸಿದ್ಧ, ಅದಕ್ಕೆ 2021ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಕಲಬುರಗಿಯಲ್ಲೋ ಬೆಂಗಳೂರಿನ ಶಿವಾಜಿನಗರದಲ್ಲೋ ನರೆತ ಗಡ್ಡಕ್ಕೆ ಮದರಂಗಿ ಹಚ್ಚಿದ ಹಿರಿಯ ಮುಸ್ಲಿಮರನ್ನು ಕಾಣುವುದು ಸಾಮಾನ್ಯ. ಅಲ್ಲಿ ಕೆಂಪು ಬಣ್ಣ ವಯಸ್ಸಿನ, ಶ್ರದ್ಧೆಯ ಗುರುತು. ಹುಟ್ಟುಗೆಂಪಿನ ಕೂದಲು ನಮ್ಮಲ್ಲಿ ಅಪರೂಪವಾದರೂ ಅದರ ಬಗೆಗಿನ ಎರಡು ಮನಸ್ಸು ಹೊಸದಲ್ಲ. ಕಪಿಲ, ಅಂದರೆ ಕೆಂಗಂದು, ವರ್ಣದ ಕನ್ಯೆಯನ್ನು ಮದುವೆಯಾಗಬಾರದೆಂದು ಮನುಸ್ಮೃತಿ ವಿಧಿಸಿದರೆ, ಪತಂಜಲಿಯ ಮಹಾಭಾಷ್ಯವು ಬ್ರಾಹ್ಮಣನ ಲಕ್ಷಣಗಳನ್ನು ಹೇಳುವಾಗ ಕಪಿಲಕೇಶವನ್ನೂ ಸೇರಿಸುತ್ತದೆ. ಮಹಾಭಾರತದಲ್ಲಿ ಅಂಬಿಕೆ ಕಣ್ಣು ಮುಚ್ಚಿಕೊಂಡದ್ದು ವ್ಯಾಸನ ಕಪಿಲ ಜಟೆ, ಉರಿಯುವ ಕಣ್ಣು, ಕೆಂಚು ಗಡ್ಡಗಳನ್ನು ಕಂಡು. ಧೃತರಾಷ್ಟ್ರನ ಕುರುಡಿಗೆ ಕಥೆ ಕೊಡುವ ಕಾರಣ ಅದು. ಅದೇ ಜಟೆ ಶಿವನ ತಲೆಯ ಮೇಲಿದ್ದಾಗ ಅಕ್ಕಮಹಾದೇವಿಯ ಕಣ್ಣಿಗೆ ಹೊಳೆವ ಕೆಂಜೆಡೆಯಾಗುತ್ತದೆ, ಬಯಸಿದ ಗಂಡನ ಚೆಲುವಿನ ಮೊದಲ ಗುರುತಾಗುತ್ತದೆ. ಗಂಡಿನ ಕೆಂಗೂದಲನ್ನು ಇಷ್ಟು ಮುಕ್ತವಾಗಿ ಮೆಚ್ಚಿದ ಸಾಲು ಇಂಗ್ಲಿಷ್ ಪರಂಪರೆಯಲ್ಲಿ ಸುಲಭಕ್ಕೆ ಸಿಗಲಿಕ್ಕಿಲ್ಲ. ನಿತ್ಯದ ಬದುಕಿನಲ್ಲಿ ಮಾತ್ರ ಮಗುವಿನ ಕೂದಲು ಕೆಂಚಾದರೆ ನಮ್ಮ ಹಿರಿಯರು ಎಣ್ಣೆ ಕಾಣದ ತಲೆ ಎಂದೇ ಗದರುತ್ತಿದ್ದರು. ಅದರಲ್ಲಿ ಕೊಂಚ ವೈದ್ಯಕೀಯ ಸತ್ಯವೂ ಇದೆ. ಆಹಾರದಲ್ಲಿ ಪ್ರೋಟೀನಿನ ತೀವ್ರ ಕೊರತೆಯಿರುವ ಮಕ್ಕಳಲ್ಲಿ ಕಾಣಿಸುವ, 1930ರ ದಶಕದಲ್ಲಿ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಆಫ್ರಿಕಾದಲ್ಲಿ ಗುರುತಿಸಿ ವಿವರಿಸಿದ ಕ್ವಾಶಿಯೋರ್ಕರ್ ಕಾಯಿಲೆಯಲ್ಲಿ ಕಪ್ಪು ಕೂದಲು ಬಣ್ಣಗೆಟ್ಟು ಕೆಂಪಾಗುತ್ತದೆ. ಹಸಿವಿನ ನೆನಪು ಅಂಟಿದ ಬಣ್ಣಕ್ಕೆ ಮೋಹಗೊಳ್ಳುವುದು ಕಷ್ಟ.

ಜಪಾನಿನಲ್ಲಿ ಆದದ್ದು ಇದಕ್ಕೆ ಪೂರ್ತಿ ಬೇರೆ. ಅಲ್ಲಿ ಡಚ್ ವ್ಯಾಪಾರಿಗಳನ್ನು 17ನೆಯ ಶತಮಾನದಿಂದ ಕೆಂಗೂದಲಿನವರೆಂದೇ ಕರೆಯುತ್ತಿದ್ದರು. ಆದರೆ ಕೆನಡಾದ ಎಲ್. ಎಂ. ಮಾಂಟ್‌ಗೊಮರಿ 1908ರಲ್ಲಿ ಪ್ರಕಟಿಸಿದ, ತನ್ನ ಕೆಂಗೂದಲನ್ನು ದ್ವೇಷಿಸುವ ಅನಾಥ ಹುಡುಗಿ ಆನ್‌ಳ ಕಾದಂಬರಿಯನ್ನು ಮುರಾವೋಕ ಹನಾಕೊ ಯುದ್ಧಕಾಲದಲ್ಲಿ ಅನುವಾದಿಸಿ 1952ರಲ್ಲಿ ಹೊರತಂದಾಗ, ಶೀರ್ಷಿಕೆಯಲ್ಲೇ ಅವಳು ಕೆಂಗೂದಲಿನ ಆನ್ ಆದಳು. ಯುದ್ಧದಲ್ಲಿ ಎಷ್ಟೋ ಮಕ್ಕಳು ಅನಾಥರಾಗಿದ್ದ ದೇಶದಲ್ಲಿ ಆ ಹುಡುಗಿ ಮನೆಮಗಳಾದಳು. ಇಂದಿಗೂ ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪಕ್ಕೆ ಜಪಾನೀ ಪ್ರವಾಸಿಗರು ಹೋಗುತ್ತಾರೆ, ಅಲ್ಲಿನ ಅಂಗಡಿಗಳಲ್ಲಿ ಕೆಂಪು ಜಡೆ ಹೊಲಿದ ಹುಲ್ಲಿನ ಟೋಪಿಗಳು ಬಿಕರಿಯಾಗುತ್ತವೆ.

ಮುಂಗೋಪದ ನಂಬಿಕೆಗೆ ವಿಜ್ಞಾನದ ಆಧಾರವಿಲ್ಲ. ಹೊಸ ಕಾಲದ ನಂಬಿಕೆಯೊಂದಕ್ಕೆ ಮಾತ್ರ ಅರೆಬರೆ ಆಧಾರವಿದೆ. 2004ರ ಸಣ್ಣ ಅಧ್ಯಯನವೊಂದರಲ್ಲಿ ಕೆಂಗೂದಲಿನ ಹೆಂಗಸರಿಗೆ ಸುಮಾರು ಶೇಕಡಾ 19ರಷ್ಟು ಹೆಚ್ಚು ಅರಿವಳಿಕೆ ಬೇಕಾಯಿತು. ನಂತರದ ದೊಡ್ಡ ಅಧ್ಯಯನಗಳಲ್ಲಿ ಅಂಥ ವ್ಯತ್ಯಾಸ ಕಂಡುಬರಲಿಲ್ಲ. ಖಚಿತವಾಗಿರುವುದು ಬಿಸಿಲಿಗೆ ಬೇಗ ಸುಡುವ ಚರ್ಮ ಮತ್ತು ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ ಹೆಚ್ಚಿನ ಅಪಾಯ. ಈ ಸಂಗತಿಗೆ ಕಥೆಗಳಲ್ಲಿ ಜಾಗ ಸಿಕ್ಕಿಲ್ಲ.

ಹೆಣ್ಣಿಗೆ ಚಿತ್ರಕಾರರು ಮಾಡಿಕೊಟ್ಟ ಜಾಗ ಗಂಡಿಗೆ ಸಿಗಲಿಲ್ಲ ಎಂಬುದು ಬ್ರಿಟನ್ನಿನಲ್ಲಿ ಈಗಲೂ ಕಾಣುತ್ತದೆ. ಅಲ್ಲಿ ಕೆಂಗೂದಲಿನವರನ್ನು ಜಿಂಜರ್ ಎಂದು ಕರೆಯುತ್ತಾರೆ, ಶಾಲೆಯ ಅಂಗಳದಲ್ಲಿ ಅದು ಹೆಚ್ಚಾಗಿ ಬೈಗುಳ. 2010ರ ಅಕ್ಟೋಬರಿನಲ್ಲಿ ಲೇಬರ್ ಪಕ್ಷದ ಹಿರಿಯ ನಾಯಕಿ ಹ್ಯಾರಿಯೆಟ್ ಹಾರ್ಮನ್ ಸ್ಕಾಟ್ಲೆಂಡಿನ ಸಭೆಯೊಂದರಲ್ಲಿ ಸರ್ಕಾರದ ಸಚಿವ ಡ್ಯಾನಿ ಅಲೆಕ್ಸಾಂಡರ್‌ನನ್ನು ಕೆಂಗೂದಲಿನ ದಂಶಕ, ಅಂದರೆ ಇಲಿ ಜಾತಿಯ ಪ್ರಾಣಿ, ಎಂದು ಹಂಗಿಸಿ, ನಂತರ ಕ್ಷಮೆ ಕೇಳಬೇಕಾಯಿತು. ಬೇರೆ ಯಾವುದೇ ಹುಟ್ಟುಗುರುತಿನ ಬಗ್ಗೆ, ಅದೂ ಸಮಾನತೆಯ ಕಾಯ್ದೆಗಾಗಿ ದುಡಿದ ರಾಜಕಾರಣಿಯೊಬ್ಬರ ಬಾಯಲ್ಲಿ, ಹಾಗೆ ಬರುತ್ತಿರಲಿಲ್ಲ. ತನ್ನ ಕೂದಲಿನ ಬಗ್ಗೆ ಹೆಮ್ಮೆಯಿದೆ, ದಂಶಕಗಳು ಬೇರೆಯವರು ಬಿಟ್ಟುಹೋದ ಕೊಳೆಯನ್ನು ಸ್ವಚ್ಛಗೊಳಿಸುವ ಒಳ್ಳೆಯ ಕೆಲಸ ಮಾಡುತ್ತವೆ ಎಂದು ಅಲೆಕ್ಸಾಂಡರ್ ಕೊಟ್ಟ ಉತ್ತರ ಚುರುಕಾಗಿತ್ತು. ಮರುವರ್ಷ ಡೆನ್ಮಾರ್ಕಿನ ವೀರ್ಯ ಬ್ಯಾಂಕೊಂದು ಬೇಡಿಕೆ ಕಡಿಮೆಯೆಂಬ ಕಾರಣಕ್ಕೆ ಕೆಂಗೂದಲಿನ ದಾನಿಗಳನ್ನು ಬೇಡವೆನ್ನುತ್ತಿದೆ ಎಂಬ ಸುದ್ದಿ ಬಂತು. ಐರ್ಲೆಂಡಿನಲ್ಲಿ ಮಾತ್ರ ಅವರಿಗೆ ಒಳ್ಳೆಯ ಬೇಡಿಕೆಯಿದೆಯೆಂದು ಅದರ ನಿರ್ದೇಶಕರೇ ಹೇಳಿದ್ದರು. ಇದೇ ಅಸಮತೆಗೆ ಉತ್ತರವಾಗಿ ಥಾಮಸ್ ನೈಟ್ಸ್ ಎಂಬ ಛಾಯಾಗ್ರಾಹಕ 2013ರಲ್ಲಿ ಲಂಡನ್ನಿನಲ್ಲಿ ಕೆಂಗೂದಲಿನ ಗಂಡಸರ ಚಿತ್ರಗಳನ್ನಷ್ಟೇ ಪ್ರದರ್ಶನಕ್ಕಿಟ್ಟರು. ರೊಸೆಟ್ಟಿಯ ಕೆಲಸವನ್ನು ನೂರೈವತ್ತು ವರ್ಷ ತಡವಾಗಿ ಗಂಡಸರಿಗೆ ಮಾಡಿಕೊಡುವ ಪ್ರಯತ್ನವೆಂದು ಅದನ್ನು ಕಾಣಬಹುದು.

ರೊಸೆಟ್ಟಿಯ ನೆರಳು ಇನ್ನೊಂದು ಕಡೆ ಅನಿರೀಕ್ಷಿತವಾಗಿ ಬಿತ್ತು. ನೆದರ್ಲೆಂಡ್ಸಿನ ಬಾರ್ಟ್ ರೌವೆನ್‌ಹಾರ್ಸ್ಟ್ ಎಂಬ ಚಿತ್ರಕಾರ, ರೊಸೆಟ್ಟಿ ಮತ್ತು ಆಸ್ಟ್ರಿಯಾದ ಚಿತ್ರಕಾರ ಕ್ಲಿಮ್ಟ್‌ರಿಂದ ಸ್ಫೂರ್ತಿ ಪಡೆದು, 2005ರಲ್ಲಿ ಹದಿನೈದು ಮಂದಿ ಕೆಂಗೂದಲಿನ ರೂಪದರ್ಶಿಗಳು ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ಅವರ ಸ್ವಂತ ಕೂದಲು ಕೆಂಪಲ್ಲ. ಬಂದವರು ಸುಮಾರು ನೂರೈವತ್ತು ಮಂದಿ. ಯಾರನ್ನೂ ಹಿಂದೆ ಕಳಿಸಲು ಮನಸ್ಸಾಗದೆ ಅವರು ಏರ್ಪಡಿಸಿದ ಕೂಟವೇ ವರ್ಷವರ್ಷವೂ ನಡೆಯುವ ಕೆಂಗೂದಲಿನವರ ಹಬ್ಬವಾಯಿತು. ಬಹುಕಾಲ ಬ್ರೆಡಾ ನಗರದಲ್ಲಿ ನಡೆದು, 2019ರಿಂದ ಟಿಲ್‌ಬರ್ಗ್‌ಗೆ ಬಂದಿದೆ. 2013ರಲ್ಲಿ ಬ್ರೆಡಾದಲ್ಲಿ ಒಂದೇ ಚಿತ್ರಕ್ಕೆ 1,672 ಮಂದಿ ಸಹಜ ಕೆಂಗೂದಲಿನವರು ನಿಂತದ್ದು ಗಿನ್ನೆಸ್ ದಾಖಲೆಯಾಯಿತು. ದೇಶದೇಶಗಳಿಂದ ಬರುವ ಈ ಜನ ಹಬ್ಬದಲ್ಲಿ ಚರ್ಮದ ಆರೈಕೆಯಿಂದ ಹಿಡಿದು ಶಾಲೆಯ ಕಿರುಕುಳದವರೆಗೆ ಮಾತಾಡಿಕೊಳ್ಳುತ್ತಾರೆ. ತಮ್ಮ ಊರುಗಳಲ್ಲಿ ಗುಂಪಿನ ನಡುವೆ ಥಟ್ಟನೆ ಗುರುತು ಸಿಗುವವರೇ ಎಲ್ಲರೂ. ಟಿಲ್‌ಬರ್ಗಿನ ಆ ಮೂರು ದಿನಗಳಲ್ಲಿ ಮಾತ್ರ, ನಮ್ಮವನು ಕೆಂಗೂದಲಿನವನು, ನೋಡಿದಿರಾ ಎಂದು ಯಾರನ್ನಾದರೂ ಕೇಳಿದರೆ ಉಪಯೋಗವಿಲ್ಲ.